ಬೀಗಿತ್ತಿಯೂ ಕ್ರೇನಿನ ಹುಡುಗಿಯೂ

ಬಂದರಿನ ಕ್ರೇನ್ ಕಂಪನಿಯಲ್ಲಿ ಕೆಲಸಕ್ಕೆ ಜನ ಸೇರಿಸುವ ಜವಾಬ್ದಾರಿ ಹೊತ್ತಿದ್ದ ಹೆಂಗಸಿಗೆ ಆಫೀಸಿನವರೆಲ್ಲ ‘ಬೀಗಿತ್ತಿ’ ಎಂದೇ ಹೆಸರಿಟ್ಟಿದ್ದರು. ಸಂಬಂಧ ಕುದುರಿಸಲು ಹೊರಟವಳ ಹಾಗೆ ಆಕೆ ಆಯ್ಕೆಯಾದವರ ಮನೆಗಳಿಗೇ ಹೋಗುತ್ತಿದ್ದಳಲ್ಲ, ಅದಕ್ಕೆ. ಎದುರಿಗೆ ಮೇಡಂ ಎನ್ನುವರು, ಬೆನ್ನ ಹಿಂದೆ ಬೀಗಿತ್ತಿ. ಅವಳಿಗೂ ಅದು ಗೊತ್ತಿತ್ತು. ಒಮ್ಮೆ ಮ್ಯಾನೇಜರ್ ಬಾಯಿತಪ್ಪಿ ಎದುರಿಗೇ ಅಂದುಬಿಟ್ಟಾಗ, “ವರದಕ್ಷಿಣೆ ಮಾತ್ರ ಕೇಳಬೇಡಿ ಸಾರ್” ಎಂದು ಫೈಲು ಎತ್ತಿಕೊಂಡು ಹೋಗಿದ್ದಳು.

ಮೊದಲಿನಿಂದ ಹೀಗಿರಲಿಲ್ಲ. ಹೊಸದರಲ್ಲಿ ಅವಳೂ ಎಲ್ಲರ ಹಾಗೆ ಪರೀಕ್ಷೆ ಮಾಡಿ, ಒಳ್ಳೆಯವರನ್ನು ಆರಿಸಿ, ಬರುತ್ತಾರೆಂದು ಕಾಯುತ್ತಿದ್ದಳು. ಅರ್ಧಕ್ಕರ್ಧ ಜನ ಬರುತ್ತಿರಲಿಲ್ಲ. “ಮನೇಲಿ ಕೇಳಿ ಹೇಳ್ತೀನಿ” ಅಂದು ಹೋದವರು ಹೋದವರೇ. ಒಬ್ಬನ ಮಾವನಿಗೆ ಪಾಳಿ ಕೆಲಸ ಹಿಡಿಸದು. ಇನ್ನೊಬ್ಬನ ಗೆಳೆಯ ಎಲ್ಲೋ ಏನೋ ಕೇಳಿಕೊಂಡು ಬಂದು ತಲೆ ಕೆಡಿಸಿದ್ದಾನೆ. ಕುರ್ಚಿಯ ಮೇಲೆ ಕೂತು ಹೂಂ ಅಂದವನು ಒಬ್ಬ, ಮನೆಯೊಳಗೆ ಊಹೂಂ ಅಂದವರು ಹತ್ತು ಜನ. ಆಮೇಲಾಮೇಲೆ ಅವಳು ಒಂದು ಪ್ರಶ್ನೆ ರೂಢಿ ಮಾಡಿಕೊಂಡಳು. ಆಯ್ಕೆಯಾದವರನ್ನೆಲ್ಲ ಕೇಳುವಳು: “ಈ ವಿಷಯ ಮೊದಲು ಯಾರಿಗೆ ಹೇಳ್ತೀರ?” ಯಾರ ಹೆಸರು ಬರುತ್ತದೋ ಆ ಮನೆಯ ಬೀಗದ ಕೈ ಅವರ ಹತ್ತಿರ ಇದೆಯೆಂದು ಲೆಕ್ಕ.

ಆ ವರ್ಷ ಬಂದವರಲ್ಲಿ ಒಬ್ಬಳು ಹುಡುಗಿ ಇದ್ದಳು. ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವಳು. ಪರೀಕ್ಷೆಗೆಂದು ಇಟ್ಟಿದ್ದ ಸಣ್ಣ ಕ್ರೇನನ್ನು ನೆಲದ ಮೇಲೆ ಕೂತೇ ನಡೆಸಬಹುದು. ಕೊಕ್ಕೆಗೆ ಕಂಠಮಟ್ಟ ನೀರು ತುಂಬಿದ ಬಕೆಟ್ ನೇತುಹಾಕಿ, ಅಂಗಳದ ಆಚೆ ತುದಿಯಲ್ಲಿ ಇಳಿಸಲು ಹೇಳುತ್ತಾರೆ. ಗಂಡಸರು ಬಟ್ಟೆ ಒಗೆಯುವಷ್ಟು ನೀರು ಚೆಲ್ಲಿದರು. ಈ ಹುಡುಗಿ ಬಕೆಟ್ ಇಳಿಸಿದಾಗ ಕೆಳಗಿನ ಸಿಮೆಂಟು ಒಣಗಿಯೇ ಇತ್ತು. ಅಂಗಳದ ಮೇಸ್ತ್ರಿ, ಹೊಗಳಿದರೆ ನಾಲಿಗೆ ಸವೆಯುತ್ತದೆ ಅನ್ನುವ ಜಾತಿಯ ಮನುಷ್ಯ, ಬಕೆಟ್ಟಿನೊಳಗೆ ಬಗ್ಗಿ ನೋಡಿ, “ಇವಳನ್ನ ಬಿಡಬೇಡಿ ಮೇಡಂ” ಎಂದ.

ಬೀಗಿತ್ತಿ ತನ್ನ ಪ್ರಶ್ನೆ ಕೇಳಿದಳು.

“ಮೊದಲು ಯಾರಿಗೋ ಗೊತ್ತಿಲ್ಲ ಮೇಡಂ. ಅಪ್ಪನಿಗೆ ಮಾತ್ರ ಕೊನೆಗೆ.”

ಇಂಥ ಉತ್ತರ ಅವಳಿಗೆ ಹಿಂದೆ ಯಾರೂ ಕೊಟ್ಟಿರಲಿಲ್ಲ. ವಾರದೊಳಗೆ ಫೋನ್ ಬಂತು. “ಕ್ಷಮಿಸಿ ಮೇಡಂ, ಅಮ್ಮ ಬೇಡ ಅಂತಾರೆ.” ಹುಡುಗಿಯ ದನಿ ಅತ್ತು ಮುಗಿಸಿದವರ ದನಿ.

“ನಾನೊಂದ್ಸಲ ಮನೆಗೆ ಬರ್ಲಾ? ಒಪ್ಪಿಸೋಕೆ ಅಲ್ಲ. ಯಾಕೆ ಬೇಡ ಅಂತ ಕೇಳೋಕೆ.”

ಮನೆ ಟೈರ್ ಅಂಗಡಿಯೊಂದರ ಹಿಂದಿನ ಓಣಿಯಲ್ಲಿತ್ತು. ನೆಲದ ಮಟ್ಟದ್ದೇ ಎರಡು ಕೋಣೆ, ಹೊಸ್ತಿಲು ಕೂಡ ತೆಳು. ಕಿಟಕಿಯ ಹತ್ತಿರ ಹುಡುಗಿಯ ಅಪ್ಪ ಕೂತು ಒಂದು ಹಳೆಯ ಮೇಜು ಫ್ಯಾನಿನ ರೆಕ್ಕೆ ಬಿಚ್ಚುತ್ತಿದ್ದ. ನಮಸ್ಕಾರ ಮಾಡಿದ, ಮತ್ತೆ ಸ್ಕ್ರೂಗಳತ್ತ ತಿರುಗಿದ. ಗೋಡೆಗೊರಗಿ ಹುಡುಗಿಯ ಗೆಳತಿ ನಿಂತಿದ್ದಳು. ಬಟ್ಟೆ ಅಂಗಡಿಯಲ್ಲಿ ಕೆಲಸ, ಪಕ್ಕದ ಮನೆಯವಳು. ಮಾತಾಡಿದ್ದು ಅಮ್ಮ.

“ಹದಿನೈದು ಮಹಡಿ ಎತ್ತರ ಅಂತಲ್ಲಮ್ಮ ಅದು. ಇವಳು ಅದನ್ನ ಹೇಳೇ ಇಲ್ಲ. ಇವಳ ಫ್ರೆಂಡ್ ಹೇಳಿದ್ದು.”

ಗೆಳತಿ ನೆಲ ನೋಡಿದಳು. “ಸುಳ್ಳು ಹೇಳಿಲ್ವಲ್ಲ ನಾನು,” ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, “ಇವಳು ಪಾಳಿಗೆ ಹೋದ್ರೆ ಸಾಯಂಕಾಲ ನಾನು ಯಾರ ಜೊತೆ ಮನೆಗೆ ಬರ್ಲಿ?” ಎಂದಳು.

ಅಮ್ಮ ಗಂಡನತ್ತ ಕಣ್ಣು ಹಾಯಿಸಿ, ದನಿ ತಗ್ಗಿಸದೆಯೇ ಹೇಳಿದಳು. ಅವನು ಹಿಂದೆ ದೊಡ್ಡ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದ, ಹಗ್ಗದಲ್ಲಿ ನೇತಾಡಿಕೊಂಡು. ಮಗಳು ಆಗ ಇನ್ನೂ ಅಂಬೆಗಾಲಿಡುತ್ತಿದ್ದಳು. ಮಧ್ಯಾಹ್ನದ ಊಟ ತೆಗೆದುಕೊಂಡು ಹೋದ ಹೆಂಡತಿ ತಲೆಯೆತ್ತಿ ಅವನನ್ನು ಕೂಗಿದಳು, ಅವನು ಕೈ ಬೀಸಿದ, ಹಗ್ಗ ಹರಿಯಿತು. ಕೆಳಗಿದ್ದ ಮರಳಿನ ರಾಶಿ ಜೀವ ಉಳಿಸಿತು; ಕಾಲನ್ನು ಉಳಿಸಲಿಲ್ಲ. ಅಂದಿನಿಂದ ಅವನು ಸ್ಟೂಲು ಕೂಡ ಹತ್ತಿದವನಲ್ಲ. ಬಲ್ಬ್ ಹೋದರೆ ಹಾಕುವುದು ಹೆಂಡತಿಯೇ. ಮಹಡಿ ಮೇಲೆ ಬಾಡಿಗೆ ಅಗ್ಗವಿದ್ದರೂ ಇವರು ನೆಲ ಬಿಟ್ಟು ಮೇಲೆ ಹೋದವರಲ್ಲ.

“ಒಬ್ಬರು ಮೇಲಿಂದ ಬಂದದ್ದನ್ನ ಈ ಕಣ್ಣಲ್ಲಿ ನೋಡಿದ್ದೀನಿ,” ಎಂದಳು ಅಮ್ಮ. “ಇನ್ನೊಬ್ಬರನ್ನ ಕಳಿಸು ಅಂತ ಕೇಳಬೇಡಿ.”

ಬೀಗಿತ್ತಿಯ ಬಳಿ ಹೇಳುವುದಕ್ಕೆ ಎಷ್ಟೋ ಇತ್ತು: ಲಿಫ್ಟು, ಬೆಲ್ಟು, ಕಂಬಿ, ವಿಮೆ. ಒಂದನ್ನೂ ಹೇಳಲು ಮನಸ್ಸು ಬರಲಿಲ್ಲ. ಕೊಟ್ಟ ನೀರು ಕುಡಿದು ಎದ್ದಳು. “ನಿಮ್ಮ ಮಾತು ನನಗೆ ಅರ್ಥ ಆಯ್ತು. ಕೆಲಸ ಬೇಡ ಅಂದ್ರೂ ಪರವಾಗಿಲ್ಲ, ಒಂದು ದಿನ ಬಂದು ಜಾಗ ನೋಡ್ಕೊಂಡು ಹೋಗಿ. ನೋಡದೆ ಬೇಡ ಅಂದ್ರೆ ಹುಡುಗಿ ಮನಸ್ಸಲ್ಲಿ ಉಳಿದುಬಿಡುತ್ತೆ.”

ಅಮ್ಮ ಖಾಲಿ ಲೋಟ ಎತ್ತಿಕೊಂಡಳು. ಕಿಟಕಿಯ ಹತ್ತಿರದಿಂದ ಅಪ್ಪ, ತಲೆಯೆತ್ತದೆ, “ಭಾನುವಾರ ಬರಬಹುದಾ?” ಎಂದ. ಮನೆಯವರೆಲ್ಲ ಅವನತ್ತ ತಿರುಗಿದರು.

ಭಾನುವಾರ ನಾಲ್ವರೂ ಬಂದರು. ಒಂದು ಕ್ರೇನ್ ಕೆಲಸವಿಲ್ಲದೆ ನಿಂತಿತ್ತು. ಕಾಲುಗಳೇ ಮನೆಯಷ್ಟು ದಪ್ಪ. ಮೇಲೆ, ಹದ್ದುಗಳು ಸುತ್ತುವ ಎತ್ತರದಲ್ಲಿ, ಗಾಜಿನ ಕ್ಯಾಬಿನ್ ಬೆಂಕಿಪೊಟ್ಟಣದ ಹಾಗೆ ಅಂಟಿಕೊಂಡಿತ್ತು. ಅಮ್ಮ ಒಂದು ಸಲ ನೋಡಿ ಮುಖ ತಿರುಗಿಸಿಬಿಟ್ಟಳು.

ಅಪ್ಪ ಮೇಸ್ತ್ರಿಯನ್ನು ಕೇಳಿದ, “ಹುಡುಗಿ ಮೇಲೆ ಹೋಗೋದು ಹೇಗೆ?”

“ಲಿಫ್ಟ್ ಇದೆ. ಇಲ್ನೋಡಿ.”

“ಲಿಫ್ಟ್ ಕೆಟ್ಟ ದಿನ?”

“ಮೆಟ್ಟಿಲಿದೆ. ಸುತ್ತಿ ಸುತ್ತಿ ಹೋಗುತ್ತೆ.”

“ಹಾಗಾದ್ರೆ ನಾನು ಮೆಟ್ಟಿಲಲ್ಲೇ ಹೋಗಿ ನೋಡ್ತೀನಿ.”

ಯಾರಿಗೂ ಅದು ತಕ್ಷಣ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಅವನು ಹೆಲ್ಮೆಟ್ ತಲೆಗೇರಿಸಿ, ಮಗುವಿನ ಹಾಗೆ ಎರಡೂ ತೋಳು ಎತ್ತಿ ನಿಂತಿದ್ದ, ಬೆಲ್ಟ್ ಕಟ್ಟಲೆಂದು. ಮೇಸ್ತ್ರಿ ಬೀಗಿತ್ತಿಯ ಮುಖ ನೋಡಿದ. ಬೇಡ ಅನ್ನುವ ಅಧಿಕಾರ ಅವಳಿಗಿತ್ತು. ಬಾಯಿ ತೆರೆದಳು ಕೂಡ. ಆದರೆ ಆ ಮನುಷ್ಯನ ಮುಖ ಕಂಡು, ಹೂಂ ಎಂದು ತಲೆಯಾಡಿಸಿದಳು. ಮೇಸ್ತ್ರಿ ಬೆಲ್ಟ್ ಬಿಗಿದು, “ನಾನು ಹಿಂದೇನೇ ಇರ್ತೀನಿ ಯಜಮಾನ್ರೇ,” ಎಂದ.

ಅವನು ಒಳ್ಳೆಯ ಕಾಲನ್ನು ಮೆಟ್ಟಿಲ ಮೇಲಿಟ್ಟು ಕೆಟ್ಟ ಕಾಲನ್ನು ಎಳೆದುಕೊಳ್ಳುತ್ತಿದ್ದ. ಟಣ್ ಎಂದೊಂದು ಸದ್ದು, ಆಮೇಲೆ ಉಜ್ಜಿದ ಸದ್ದು. ಮತ್ತೆ ಟಣ್. ಮೊದಲ ತಿರುವಿನಲ್ಲಿ ಬಹಳ ಹೊತ್ತು ನಿಂತ. ಕಂಬಿ ಹಿಡಿದ ಅವನ ಬೆನ್ನು ಕೆಳಗಿನವರಿಗೂ ಕಾಣುವಷ್ಟು ನಡುಗಿತು. ಸಾಕು, ಈಗ ಇಳಿಯುತ್ತಾನೆ ಅಂದುಕೊಂಡಳು ಬೀಗಿತ್ತಿ. ಅವನು ಇಳಿಯಲಿಲ್ಲ. ಆ ಟಣ್ ಎಂಬ ಸದ್ದು ಮತ್ತೆ ಶುರುವಾಯಿತು.

ಕೆಳಗೆ ಅಮ್ಮ ಕ್ರೇನಿಗೆ ಬೆನ್ನು ಮಾಡಿ ನಿಂತು, ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. “ಈಗ ಎಲ್ಲಿದ್ದಾರೆ?” ಎಂದು ಕೇಳುವಳು. “ಹೋಗ್ತಿದ್ದಾರೆ ಆಂಟಿ,” ಎನ್ನುವಳು ಗೆಳತಿ. ಹುಡುಗಿ ಮಾತ್ರ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವಳಿಗೆ ಬುದ್ಧಿ ಬಂದಾಗಿನಿಂದ ನೆಲಕ್ಕೆ ಅಂಟಿಕೊಂಡೇ ಇದ್ದ ಅಪ್ಪ ಆಕಾಶದಲ್ಲಿ ಸಣ್ಣವನಾಗುತ್ತಾ ಹೋಗುತ್ತಿದ್ದ. ಸದ್ದು ಕೇಳಿಸದಷ್ಟು ಮೇಲೆ ಹೋದಾಗ, ಆ ಮೌನಕ್ಕೆ ಹೆದರಿಯೋ ಏನೋ, ಅಮ್ಮ ತಿರುಗಿ ತಲೆಯೆತ್ತಿದಳು. ಕ್ಯಾಬಿನ್ನಿನ ಗಾಜಿನ ಹಿಂದೆ ಒಂದು ಹಳದಿ ಹೆಲ್ಮೆಟ್ ಕೂತಿತ್ತು.

ಅವನು ಕೈ ಬೀಸಲಿಲ್ಲ. ಅವಳೂ ಕೂಗಲಿಲ್ಲ.

ಜನರನ್ನು ಅಳೆಯುವುದೇ ಬೀಗಿತ್ತಿಯ ಕಸುಬು. ಯಾರು ನಿಲ್ಲುತ್ತಾರೆ, ಯಾರು ಓಡುತ್ತಾರೆ ಎಂದು ಮುಖ ನೋಡಿ ಹೇಳಬಲ್ಲೆ ಅಂದುಕೊಂಡವಳು. ಮನೆಯವರೆಂದರೆ ದಾಟಬೇಕಾದ ಬೇಲಿ ಎಂದೇ ಅವಳ ಲೆಕ್ಕವಾಗಿತ್ತು. ಈಗ ಅವಳು ಆ ಹಳದಿ ಚುಕ್ಕೆಯನ್ನು, ಅದು ಮತ್ತೆ ಮೆಟ್ಟಿಲಿಗೆ ಬರುವವರೆಗೂ, ತಲೆಯೆತ್ತಿಯೇ ನೋಡಿದಳು.

ಇಳಿಯುವುದು ಹತ್ತುವುದಕ್ಕಿಂತ ತಡವಾಯಿತು. ನೆಲ ಮುಟ್ಟಿದಾಗ ಅವನ ಅಂಗಿ ಒದ್ದೆಮುದ್ದೆಯಾಗಿತ್ತು. ಮೊದಲು ಮಗಳ ಹತ್ತಿರ ಹೋದ.

“ಮೇಲೆ ಗಾಳಿ ಜೋರು ಮಗಾ. ಕಿವಿಗೆ ಏನಾದ್ರೂ ಕಟ್ಕೋ.”

“ಹತ್ತೋ ವಿಚಾರ ಮನೇಲೇ ಹೇಳಬಾರದಿತ್ತಾ?” ಎಂದಳು ಹೆಂಡತಿ.

“ಹೇಳಿದ್ರೆ ಬಿಡ್ತಿದ್ಯಾ?” ಕಲ್ಲಿನ ಮೇಲೆ ಕುಸಿದು ಕೂತ. “ಅವತ್ತು ನನ್ನ ಬೀಳಿಸಿದ್ದು ಎತ್ತರ ಅಲ್ಲ ಕಣೇ. ಕೊಳೆತ ಹಗ್ಗ. ಇಲ್ಲಿ ಹಗ್ಗ ಎಲ್ಲೂ ಇಲ್ಲ, ಎಲ್ಲ ಮುಟ್ಟಿ ನೋಡ್ದೆ. ನೀನು ಕೂಗಿದ್ದಕ್ಕೂ ಅಲ್ಲ. ಅದನ್ನೂ ಹೇಳಬೇಕಿತ್ತು ನಿನಗೆ.”

ಅವಳು ಸೆರಗಿನ ತುದಿಯಿಂದ ಅವನ ಕುತ್ತಿಗೆಯ ಬೆವರು ಒರೆಸಿದಳು. ಬಹಳ ಹೊತ್ತು ಒರೆಸಿದಳು. ಆಮೇಲೆ ಬೀಗಿತ್ತಿಯತ್ತ ತಿರುಗಿ, “ಆ ಬೆಲ್ಟು ಇವಳೇ ಕಟ್ಕೋತಾಳಾ, ಕಟ್ಟಿದ್ದನ್ನ ಯಾರಾದ್ರೂ ನೋಡ್ತಾರಾ?” ಎಂದು ಕೇಳಿದಳು.

ಬೇಡ ಎನ್ನುತ್ತಿದ್ದವರು ಹೇಗೆ ಎಂದು ಕೇಳತೊಡಗಿದರೆ ಏನರ್ಥವೆಂದು ಬೀಗಿತ್ತಿಗೆ ಗೊತ್ತಿತ್ತು. ಆದರೂ ಆ ದಿನ ಅವಳು ಗೆದ್ದೆ ಅಂದುಕೊಳ್ಳಲಿಲ್ಲ. “ಪ್ರತಿ ಸಲ ಇಬ್ಬರು ನೋಡ್ತಾರೆ,” ಎಂದಷ್ಟೇ ಹೇಳಿದಳು.

ಗೇಟಿನ ಹತ್ತಿರ ಅಪ್ಪನನ್ನು ಕೇಳಿದಳು, “ಭಯ ಆಗಲಿಲ್ವಾ ನಿಮಗೆ?”

“ಈಗಲೂ ಆಗ್ತಿದೆ ನೋಡಿ,” ಎಂದು ಅವನು ನಡುಗುವ ಅಂಗೈ ಚಾಚಿ ತೋರಿಸಿದ. ನಾಚಿಕೆ ಏನೂ ಇರಲಿಲ್ಲ ಆ ಮುಖದಲ್ಲಿ.

ಹುಡುಗಿ ಸೇರಿಕೊಂಡಳು. ಗೆಳತಿಯ ಸಾಯಂಕಾಲದ ಚಿಂತೆಗೆ ಪೂರ್ತಿ ಪರಿಹಾರ ಸಿಗಲಿಲ್ಲ. ಪಾಳಿ ಹೊಂದದ ವಾರಗಳಲ್ಲಿ ಒಂಟಿಯಾಗಿ ಬರುವಳು, ಹುಡುಗಿಗೆ ಫೋನಿನಲ್ಲಿ ದಾರಿಯುದ್ದಕ್ಕೂ ಬೈಗುಳದ ಸಂದೇಶ ಕಳಿಸುವಳಂತೆ. “ಒಬ್ಬಳನ್ನ ತರೋಕೆ ಇಷ್ಟು ಸಮಯ ಬೇಕಾಯ್ತಾ?” ಎಂದ ಮ್ಯಾನೇಜರಿಗೆ ಬೀಗಿತ್ತಿ ಎಂದಿನಂತೆ ಚಟಾಕಿ ಹಾರಿಸಲಿಲ್ಲ. ನಡೆದದ್ದನ್ನು ಹೇಳಿದಳು. ಅವನು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡ.

ಹುಡುಗಿ ಮೊದಲ ಸಲ ಹಡಗಿನಿಂದ ಸರಕು ಎತ್ತಿದ ಮಧ್ಯಾಹ್ನ ಬೀಗಿತ್ತಿ ಅಂಗಳಕ್ಕೆ ಬಂದಳು. ಪಕ್ಕದ ಕ್ರೇನ್ ಬಿಡುವಾಗಿತ್ತು. ಇಷ್ಟು ವರ್ಷ ಇವುಗಳ ಮೇಲಕ್ಕೆ ಎಷ್ಟೋ ಜನರನ್ನು ಕಳಿಸಿದ್ದಳು, ತಾನು ಒಂದು ಮೆಟ್ಟಿಲೂ ಹತ್ತಿರಲಿಲ್ಲ. ಮೇಸ್ತ್ರಿಯಿಂದ ಬೆಲ್ಟ್ ಕಟ್ಟಿಸಿಕೊಂಡು ಹೊರಟಳು. ಮೊದಲ ತಿರುವಿಗೆ ಬಂದು ಕೆಳಗೆ ನೋಡಿಬಿಟ್ಟಳು. ಮೆಟ್ಟಿಲಿನ ಕಬ್ಬಿಣದ ಜಾಲರಿಯ ಸಂದಿನಲ್ಲಿ ನೆಲ ಕೆಳಗೆ ತೇಲುತ್ತಿತ್ತು. ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಮೇಲಕ್ಕೆ ಸುತ್ತಿ ಸುತ್ತಿ ಹೋಗುವ ಮೆಟ್ಟಿಲುಗಳನ್ನು ಕಣ್ಣು ಎಟಕುವವರೆಗೆ ನೋಡಿದಳು. ಮೇಸ್ತ್ರಿ ಕೆಳಗೆ ಬೇರೆ ಕಡೆ ತಿರುಗಿ ನಿಂತಿದ್ದ. ಅವಳು ಅಲ್ಲೇ ನಿಂತಿದ್ದಳು, ಇಳಿಯುವುದನ್ನೂ ಮರೆತು.