ಅರಳಿ ಮರದ ಆಚೆಯ ಕಿಟಕಿ

ಆಗ ನನಗೆ ಅರವತ್ತೆಂಟು ವರ್ಷ. ಅದಕ್ಕೆ ಈಗ ಮೂರು ವರ್ಷವಾಯಿತು. ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ನಮ್ಮ ಕಾರ್ಮಿಕರ ಕಾಲೊನಿಯಲ್ಲಿ ಫೋನು ಎಲ್ಲರ ಕೈಯಲ್ಲೂ ಇತ್ತು, ಇಂಟರ್ನೆಟ್ ಮಾತ್ರ ಓಣಿಯ ಬಾಯಿಗೆ ಬಂದು ನಿಲ್ಲುತ್ತಿತ್ತು. ಓಣಿಯವರೇ ಸೇರಿ ತಮ್ಮ ಇಂಟರ್ನೆಟ್ ತಾವೇ ನಡೆಸಿಕೊಳ್ಳುವುದಾದರೆ ಒಂದು ಸಂಸ್ಥೆ ಅನುದಾನ ಕೊಡುತ್ತದೆ ಎಂದು ಶಾಲೆಯ ಅಕ್ಕೋರು ಸುದ್ದಿ ತಂದರು. ಅರ್ಜಿ ಬರೆಯುವ ಕೆಲಸ ಅವರದು. ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ನನ್ನನ್ನು ಕರೆದದ್ದು ಮಾಳಿಗೆಯ ಸಲುವಾಗಿ. ಓಣಿಯಲ್ಲಿ ಎಲ್ಲಕ್ಕಿಂತ ಎತ್ತರದ ಮಾಳಿಗೆ ನನ್ನದು, ಸಿಗ್ನಲ್ ಬಿಡುವ ಮುಖ್ಯ ಕಂಬ ಅಲ್ಲೇ ನಿಲ್ಲಬೇಕಿತ್ತು.

ಯಾವ ಯಾವ ಮನೆಗೆ ಸಿಗ್ನಲ್ ಮುಟ್ಟುತ್ತದೆ ಎಂದು ಅರ್ಜಿಯಲ್ಲಿ ನಕ್ಷೆ ತೋರಿಸಬೇಕು. ನನ್ನ ಮಾಳಿಗೆಯಿಂದ ನೇರವಾಗಿ ಕಂಡ ಮನೆಗೆ ಮುಟ್ಟುತ್ತದೆ, ಏನಾದರೂ ಅಡ್ಡ ಬಂದರೆ ಇಲ್ಲ ಎಂದರು ಅಕ್ಕೋರು. ಅದಕ್ಕೆ ಉಪಾಯ ಹೇಳಿದವಳು ನಾನು. ಮಧ್ಯಾಹ್ನ ಮನೆಗೊಬ್ಬರು ಸ್ಟೀಲ್ ತಾಟು ಹಿಡಿದು ಬಿಸಿಲನ್ನು ನನ್ನ ಕಡೆ ತಿರುಗಿಸಲಿ, ನಾನು ಮೇಲೆ ನಿಂತು ಎಣಿಸುತ್ತೇನೆ ಎಂದೆ.

ಆ ಮಧ್ಯಾಹ್ನ ನಡೆದದ್ದೋ, ಊಟದ ಮೇಲಿನ ಜೊಂಪಿನಲ್ಲಿ ಕಂಡದ್ದೋ ಎಂದು ಒಮ್ಮೊಮ್ಮೆ ನನಗೇ ಅನುಮಾನ. ಗಾಳಿ ಇರಲಿಲ್ಲ. ತಗಡುಗಳ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು, ಅದರಲ್ಲಿ ಮನೆಗಳು ಅರ್ಧ ಮುಳುಗಿದ್ದವು. ಒಂದು ಬೆಳಕು ಎದ್ದಿತು. ಸ್ವಲ್ಪ ಹೊತ್ತಿಗೆ ಅದರಾಚೆ ಇನ್ನೊಂದು. ಲೋಕಲ್ ರೈಲು ಹೋಯಿತು, ಸದ್ದು ಬೇರೆ ಯಾವುದೋ ಊರಿನದೆಂಬಂತೆ ಬಂತು. ದಿನಾ ನೋಡುವ ಓಣಿ ಇದೇ ಏನು ಎನಿಸಿ, ನಡುವೆ ಲೆಕ್ಕ ತಪ್ಪಿ ಮತ್ತೆ ಎಣಿಸಿದೆ. ಕಡೆಗೆ ಅರಳಿ ಮರದ ಆಚೆಯಿಂದ, ಬೋಳು ಕೊಂಬೆಗಳಲ್ಲಿ ಸೋಸಿ, ಚೂರು ಚೂರಾಗಿ ಒಂದು ಬೆಳಕು ಬಂತು. ಅದು ಹೊಲಿಗೆಯವಳ ಕಿಟಕಿ. ಹನ್ನೊಂದು ಎಂದು ಬರೆದುಕೊಂಡೆ.

ಹೊಲಿಗೆಯವಳು ವಿಜಯಪುರದ ಕಡೆಯವಳು. ಕಾಲು ಹೋದ ಮೇಲೆ ಮನೆ ಬಿಟ್ಟು ಇಳಿದವಳಲ್ಲ. ಪುಣೆಯ ಆಚೆ ತುದಿಯ ಮಗರಪಟ್ಟಾದ ಹೆಂಗಸರು ಫೋನಿನಲ್ಲೇ ಮುಖ ನೋಡುತ್ತ ಜಂಪರಿನ ನಮೂನೆ ತೋರಿಸುತ್ತಿದ್ದರು. ಮಾತು ಕಡಿದು ಕಡಿದು ಬೇಸತ್ತು ಅವರು ಬೇರೆ ಕಡೆ ಹೊಲಿಸತೊಡಗಿದ್ದರು. ಕೆಲಸ ಪೂರ್ತಿ ನಿಂತರೆ ಅವಳು ತಮ್ಮನ ಮನೆಯ ಮೂಲೆ ಹಿಡಿಯಬೇಕು. ಅದೊಂದು ಬೇಡ ಎಂದೇ ಅವಳು ಬದುಕಿದ್ದಳು.

ಅರ್ಜಿ ಕಳಿಸಲು ಎರಡು ದಿನ ಇದ್ದಾಗ ಸಂಜೆ ಮಾಳಿಗೆ ಹತ್ತಿದೆ. ಅರಳಿ ಚಿಗುರಿತ್ತು. ತಾಮ್ರದ ಬಣ್ಣದ ಎಳೆ ಎಲೆ, ಮರದ ತುಂಬ ಕೆಂಪು ಹೊಗೆ ನಿಂತ ಹಾಗೆ. ಚೆಂದ ಕಂಡಿತು, ನೋಡುತ್ತ ನಿಂತುಬಿಟ್ಟೆ. ಕಿಟಕಿ ಕಾಣುತ್ತಿಲ್ಲ ಎಂಬುದು ಆಮೇಲೆ ಹೊಳೆಯಿತು. ಮೂವತ್ತು ವರ್ಷ ಆ ಮರ ಉದುರಿ ಚಿಗುರುವುದನ್ನು ಕಂಡವಳು, ಅದು ಬೋಳಾದ ವಾರವನ್ನೇ ಹುಡುಕಿದವಳ ಹಾಗೆ ಅಳತೆ ಮಾಡಿದ್ದೆ.

ಅಕ್ಕೋರನ್ನು ಕರೆದುಕೊಂಡು ನೇರ ಹೊಲಿಗೆಯವಳ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ.

“ಹಂಗಾರ ಟೊಂಗಿ ಕಡಸೋಣೇನು?” ಎಂದೆ.

“ಅರಳಿ ಮರಕ್ಕ ಕೊಡ್ಲಿ ಹಾಕಾಕ ಯಾರ ಬರ್ತಾರ ಅಜ್ಜಿ? ನೀನ ಏರ್ತಿಯೇನು?” ಎಂದಳು ಹೊಲಿಗೆಯವಳು. ಸೂಜಿಯಿಂದ ಕಣ್ಣು ತೆಗೆಯಲಿಲ್ಲ. “ನನ್ನ ಮನಿ ಬಿಟ್ಟು ಹತ್ತು ಅಂತ ಬರೀರಿ. ನನ್ನ ತಮ್ಮನ ಹೇಣ್ತಿ ಭಾಳ ಚಲೋ ಅದಾಳ. ದಿನಕ್ಕ ಎರಡ ಸಲ ಅಷ್ಟ ಬೈತಾಳ.”

ಅಕ್ಕೋರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. “ಅಜ್ಜಿ, ಅಲ್ಲಿ ನೀರಿನ ನೀಲಿ ಟಾಕಿ ಮನಿ ಅದಲ್ಲ, ಅದು ನಕ್ಷಾದಾಗ ಯಾಕಿಲ್ಲ? ಅಲ್ಲಿಂದ ನಿಮ್ಮ ಮಾಳಗೀನೂ ಕಾಣತದ, ಈ ಕಿಟಕೀನೂ ಕಾಣತದ. ನಡುವ ಅಲ್ಲೊಂದು ಕಂಬ ಇಟ್ರ ಮುಗೀತು.”

“ಆ ಮನಿಯಾಕಿಗೆ ನಾ ತಾಟು ಹಿಡಿ ಅಂತ ಹೇಳಲೇ ಇಲ್ಲ,” ಎಂದೆ.

“ಯಾಕ್ರಿ?”

“ನಾಕು ಮಂದಿ ಮುಂದ ನನ್ನ ಹೋಳಿಗಿ ಚಪ್ಪಲಿ ಅಟ್ಟಿ ಹಂಗ ಅದ ಅಂದಾಳ. ಆರು ವರ್ಷ ಆತು, ಮಾತಿಲ್ಲ.”

ಹೊಲಿಗೆಯವಳ ಸೂಜಿ ನಿಂತಿತು. “ಖರೇ ಅಂದಾಳ ಬಿಡು. ಅವತ್ತ ನಾನೂ ತಿಂದಿದ್ದೆ,” ಎಂದಳು.

ಅಕ್ಕೋರು ನಗು ತಡೆದುಕೊಂಡು, “ನಾ ಹೋಗಿ ಕೇಳ್ತೀನಿ ತಗೋರಿ,” ಎಂದರು. ನಾನು ಬೇಡ ಎಂದೆ. ಆ ಮನೆಯನ್ನು ನಕ್ಷೆಯಿಂದ ಬಿಟ್ಟವಳು ನಾನು, ಅಕ್ಕೋರು ಹೋಗಿ ಕೇಳಿದರೆ ಅವಳು ಮೊದಲು ಕೇಳುವುದು ‘ಅಜ್ಜಿ ಯಾಕ ಬರಲಿಲ್ಲ’ ಎಂದೇ. ಹೊಲಿಗೆಯವಳ ಹಾಸ್ಯ ಅಷ್ಟಕ್ಕೇ ಮುಗಿಯಿತು, ಮತ್ತೆ ಬಗ್ಗಿ ಜಂಪರಿನ ತೋಳಿಗೆ ಆಗಷ್ಟೇ ಹಾಕಿದ್ದ ಹೊಲಿಗೆ ಬಿಚ್ಚತೊಡಗಿದಳು.

ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಅರ್ಜಿ ಹಿಡಿದು ನೀಲಿ ಟಾಕಿಯ ಮನೆಗೆ ಹೋದೆ. ಬಾಗಿಲು ತೆರೆದವಳಿಗೆ “ನಿನ್ನ ಮಾಳಗಿ ಬೇಕಾಗೇದ” ಎಂದು ಹೇಳಿ, ಅವಳು ಬೈಯುವಷ್ಟು ಬೈದು ಅರ್ಜಿಯಲ್ಲಿ ಸಹಿ ಹಾಕುವವರೆಗೆ ಅವಳ ಹೊಸ್ತಿಲ ಮುಂದೆಯೇ ಕುಳಿತೆ.