ಗೌನು ಮೊದಲು ತೊಟ್ಟವಳು

ಇನ್ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನ ದೊಡ್ಡಮನೆತನದ ಹೆಂಗಸರು ಬರೆಸಿಕೊಂಡ ಚಿತ್ರಗಳಲ್ಲಿ ಎಷ್ಟೋ ಸಲ ಮುಖವಷ್ಟೇ ಅವರದು. ಮುಖ ಬರೆಸಿ ಅವರು ಎದ್ದು ಹೋಗುತ್ತಿದ್ದರು. ಅವರ ರೇಷ್ಮೆ ತೊಟ್ಟು ಸೊಂಟ ನೋಯಿಸಿಕೊಂಡು ಕೂತವಳು ಕೂಲಿಯ ಹೆಣ್ಣು, ಇಲ್ಲವೆ ಕಟ್ಟಿಗೆಯ ಗೊಂಬೆ.

ಸಿರಿಗೇರಿಯ ಉಚ್ಚೆಂಗೆಮ್ಮ ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಅಂಗಳದಲ್ಲಿ ಭತ್ತ ಹರವುವವಳು. ಮಿಲ್ಲಿನ ಒಡತಿ ಸುಧಾರಾಣಿಗೆ ಬಳ್ಳಾರಿಯ ಹೊಸ ಬಂಗಲೆಗೆ ಅಂಥದೇ ಚಿತ್ರ ಬೇಕಾಯಿತು: ಪೌಡರು ಬಳಿದ ಎತ್ತರದ ತುರುಬು, ನೀಲಿ ರೇಷ್ಮೆ ಗೌನು, ಮಡಿಲಲ್ಲಿ ಗುಲಾಬಿ. ಗೌನು ಹೊಲಿಸಿ, ತನ್ನ ಫೋಟೊ ಜೊತೆ ಡ್ರಾಯಿಂಗ್ ಮೇಷ್ಟ್ರು ಸತ್ಯಾತ್ಮರ ಕೈಗಿಟ್ಟಳು. "ಗೊಂಬಿಗೆ ತೊಡಿಸಿ ಬರೀರಿ. ನನಗ ಕೂಡಾಕ ಪುರುಸೊತ್ತಿಲ್ಲ."

ಗೊಂಬೆಯ ಮೇಲೆ ಗೌನು ಗೋಣಿಚೀಲದ ಹಾಗೆ ಜೋತುಬಿತ್ತು. ಮೇಷ್ಟ್ರು ಮಿಲ್ಲಿನಲ್ಲಿ ಕಂಡಿದ್ದ ಉಚ್ಚೆಂಗೆಮ್ಮನನ್ನು ಗುಟ್ಟಾಗಿ ಕರೆಸಿ, ಗೌನು ತೊಡಿಸಿ ಕೂಡಿಸಿದರು.

"ಉಸಿರು ಬಿಡಬ್ಯಾಡ, ಮಡಿಕಿ ಕೆಡ್ತಾವ."

"ಉಸಿರು ಬಿಡದಂಗ ಕೂಡಾಕ ಹೆಣ ತರ್ರಿ ಮೇಷ್ಟ್ರೇ."

ಭುಜ, ಕತ್ತು, ಬೆರಳು ಎಲ್ಲ ಅವಳವೇ ಮೂಡಿದವು. ಬಣ್ಣ ಮಾತ್ರ ಬೆಳ್ಳಗೆ. ಗೌನು ತೊಟ್ಟು ಕೂತದ್ದನ್ನು ಅವಳು ಮಗಳು ಶೀಲಾಗೆ ಹೇಳಿದಳು. ಅವ್ವ ಹೇಳಿದ್ದನ್ನೆಲ್ಲ ನಂಬುವ ಹುಡುಗಿ. ಆ ನಂಬಿಕೆ ಬಿಟ್ಟರೆ ಬೀಗ ಹಾಕಿ ಕಾಯುವಂಥದ್ದು ಆ ಮನೆಯಲ್ಲಿ ಬೇರೇನೂ ಇರಲಿಲ್ಲ.

ಬಂಗಲೆಯ ಗೃಹಪ್ರವೇಶದ ದಿನ ಅಂಗಳ ಗುಡಿಸಲು ಹೋದ ಅವ್ವನ ಹಿಂದೆ ಶೀಲಾಳೂ ಹೋದಳು. ಪಡಸಾಲೆಯಲ್ಲಿ ಚಿತ್ರ, ಅದರ ಮುಂದೆ ಅದೇ ಗೌನು ತೊಟ್ಟ ಸುಧಾರಾಣಿ.

"ಕೈ ಎಷ್ಟು ಚಂದ ಬಂದಾವ ನೋಡ್ರಿ," ಎಂದರು ಯಾರೋ.

"ಅವು ನಮ್ಮವ್ವನ ಕೈ," ಬಾಗಿಲಿಂದ ಶೀಲಾ ಅಂದಳು. "ಆ ಗೌನು ಮೊದಲು ತೊಟ್ಟಾಕಿನೂ ನಮ್ಮವ್ವನೇ."

ಸುಧಾರಾಣಿ ತೋಳನ್ನು ಮೈಯಿಂದ ದೂರ ಹಿಡಿದಳು. "ಕೇರಿಯಾಕಿ ತೊಟ್ಟಿದ್ದನ್ನ ನನಗ ತೊಡಿಸೀರೇನ್ರಿ ಮೇಷ್ಟ್ರೇ?"

ಮೇಷ್ಟ್ರ ಕೈಯಲ್ಲಿ ಹೋಳಿಗೆ ಇತ್ತು. "ಛೆ ಛೆ, ಗೊಂಬಿಗೇ ತೊಡಿಸಿದ್ದು."

"ಹಂಗಾರ ಇದರವ್ವ ಸುಳ್ಳುಬುರಕಿ. ಉಚ್ಚೆಂಗೀ, ನಾಳೆ ಮಿಲ್ಲಿಗೆ ಬರಬೇಕಂದ್ರ ನಿನ್ನ ಬಾಯಿಲೇ ಹೇಳು."

ಉಚ್ಚೆಂಗೆಮ್ಮ ಮಗಳ ಕಡೆ ನೋಡಲಿಲ್ಲ. "ನಾನೇ ಸುಳ್ಳು ಹೇಳಿದ್ನಿರಿ ಅಮ್ಮಾರೇ. ಕೂಸು ಖುಷಿ ಪಡ್ಲಿ ಅಂತ."

"ಮುಂದಿನ ಸಲ ಕನ್ನಡಿ ನೋಡಿಕ್ಯಂಡು ಹೇಳವ್ವ," ಎಂದ ಒಬ್ಬ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

ಉಚ್ಚೆಂಗೆಮ್ಮನ ಮಿಲ್ಲಿನ ಕೆಲಸ ಉಳಿಯಿತು. ಈಗ ಅವ್ವ ಏನು ಹೇಳಿದರೂ, ಉಂಡೆನೆಂದರೂ, ಜ್ವರ ಬಂದಿದೆಯೆಂದರೂ, ಶೀಲಾ ಕೇಳುವುದು ಒಂದೇ: "ಖರೇನಾ?"

ಖರೆ ಏನೆಂದು ಈಗ ನಿಮಗೆ ಗೊತ್ತು. ಬಳ್ಳಾರಿಯಿಂದ ಸಿರಿಗೇರಿಗೆ ಬಸ್ಸಿದೆ. ಹೋಗ್ರಿ, ಆ ಹುಡುಗಿಯ ಎದುರು ಕೂತು, ನಿಮ್ಮವ್ವ ಸುಳ್ಳು ಹೇಳಿರಲಿಲ್ಲ ಅಂತ ಹೇಳಿ ಬರ್ರಿ.