ಆಯಿಯ ಮಿಶ್ರಿ ಡಬ್ಬಿ

ಆ ದಿನಗಳಲ್ಲಿ ಮರಾಠಿ ಸೀಮೆಯ ಭೋಸರಿಯ ನಮ್ಮ ಚಾಳಿನಲ್ಲಿ ಯಾರೂ ಒಬ್ಬರೇ ಹಲ್ಲು ತಿಕ್ಕುತ್ತಿರಲಿಲ್ಲ. ಹೀಗೆ ಬರೆದ ಕೂಡಲೇ ನನಗೆ ಅನುಮಾನ. ‘ಆ ದಿನಗಳಲ್ಲಿ’ ಎಂದು ಶುರುವಾದ ವಾಕ್ಯ ತಾನಾಗಿಯೇ ಸಿಹಿಯಾಗಿಬಿಡುತ್ತದೆ. ಸಿಹಿ ಹಲ್ಲಿಗೂ ಒಳ್ಳೆಯದಲ್ಲ, ನೆನಪಿಗೂ ಅಲ್ಲ. ಅದಕ್ಕೇ ಮೊದಲ ಸಾಲನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. “ನಳದ ಮುಂದಿನ ಜಗಳಾನೂ ಬರಿ ಮತ್ತ,” ಎಂದಳು. ಬರೆಯುತ್ತೇನೆ.

ಸಾಲು ಖೋಲಿಗಳ ಆ ಚಾಳಿಗೆಲ್ಲ ಅಂಗಳದಲ್ಲಿ ಒಂದೇ ನಳ, ಅದರೆದುರು ಉದ್ದನೆಯ ಕಲ್ಲಿನ ಕಟ್ಟೆ. ನೀರು ಬರುವ ಹೊತ್ತಿಗೆ ಕಟ್ಟೆಯ ತುಂಬ ಬಾಯಿಗಳು. ಅಪ್ಪ ಕಾರ್ಖಾನೆಗೆ ಹೊರಡುವ ಮುನ್ನ ಬೇವಿನ ಕಡ್ಡಿ ಜಗಿಯುತ್ತ ಅಂಗಳದಲ್ಲಿ ಓಡಾಡುತ್ತಿದ್ದ. ಹಲ್ಲು ತಿಕ್ಕಿಯಾದ ಮೇಲೆ ಅದೇ ಕಡ್ಡಿಯನ್ನು ಸೀಳಿ ನಾಲಿಗೆ ಕೆರೆದು, ಇಡೀ ಚಾಳಿಗೆ ಕೇಳುವಂತೆ ಓಕರಿಸುತ್ತಿದ್ದ. ನಮಗೆ ಅದೇ ಶಾಲೆಯ ಮೊದಲ ಗಂಟೆ. ನನಗೂ ಅಕ್ಕನಿಗೂ ಗುಲಾಬಿ ಬಣ್ಣದ ಹಲ್ಲಿನ ಪುಡಿ. ಅಂಗೈಗೆ ಸುರಿದುಕೊಂಡದ್ದರಲ್ಲಿ ಅರ್ಧ ಹಲ್ಲಿಗೆ, ಅರ್ಧ ಹೊಟ್ಟೆಗೆ. ಪೇಸ್ಟಿನ ಟ್ಯೂಬು ಹೊರಗೆ ಬರುತ್ತಿದ್ದದ್ದು ಊರಿಂದ ಬೀಗರು ಬಂದಾಗ ಮಾತ್ರ. ಅದು ಖಾಲಿಯಾಯಿತು ಎಂದ ಮೇಲೂ ಅವ್ವ ಲಟ್ಟಣಿಗೆ ಓಡಿಸಿ ಇನ್ನಷ್ಟು ದಿನ ನಡೆಸುತ್ತಿದ್ದಳು.

ಕಟ್ಟೆಯ ನಡುವಿನ ಜಾಗ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ನಿಪ್ಪಾಣಿ ಕಡೆಯವಳು, ತಂಬಾಕಿನ ಹೊಲದಲ್ಲಿ ದುಡಿದು ದೊಡ್ಡವಳಾದವಳು. ಅವಳ ಹಲ್ಲಿಗೆ ಬೇವೂ ಬೇಡ, ಪುಡಿಯೂ ಬೇಡ, ಮಿಶ್ರಿಯೇ ಆಗಬೇಕು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವಂತೆ ಹುರಿದು, ನುಣ್ಣಗೆ ಕುಟ್ಟಿದರೆ ಮಿಶ್ರಿ. ಅವಳು ಹುರಿಯುವ ದಿನ ಚಾಳಿಗೆ ಚಾಳೇ ಕೆಮ್ಮುತ್ತಿತ್ತು, ಆದರೆ ಯಾರೂ ಬೈಯುತ್ತಿರಲಿಲ್ಲ. ಯಾಕೆಂದರೆ ಮರುದಿನ ಬೆಳಿಗ್ಗೆ ಆಯಿ ಹಿತ್ತಾಳೆ ಡಬ್ಬಿ ತೆರೆದು, ತಾನೊಂದು ಚಿಟಿಕೆ ತೆಗೆದುಕೊಂಡು, ಸಾಲಾಗಿ ಕುಳಿತ ಹೆಂಗಸರ ಅಂಗೈಗೂ ಒಂದೊಂದು ಚಿಟಿಕೆ ಹಾಕುತ್ತಿದ್ದಳು. ಆಮೇಲೆ ಎಲ್ಲರೂ ಬೆರಳು ಬಾಯೊಳಗಿಟ್ಟು, ಗದ್ದ ಮೇಲೆತ್ತಿ ಎಂಜಲು ಹಿಡಿದುಕೊಂಡು, ತಿಕ್ಕುತ್ತಲೇ ಲೋಕದ ಸುದ್ದಿ ಮಾತಾಡುತ್ತಿದ್ದರು. ಪಕ್ಕದ ಖೋಲಿಯ ಕಮಲಮಾವಶಿ ಮರಾಠಿಯಲ್ಲಿ, ಆಯಿ ಕನ್ನಡದಲ್ಲಿ. ಬಾಯಿ ತುಂಬ ಮಿಶ್ರಿ ಇದ್ದಾಗ ಎರಡೂ ಒಂದೇ ಭಾಷೆ.

ಅದು ಕಂಡದ್ದೂ ಆ ಕಟ್ಟೆಯ ಮೇಲೆಯೇ. ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ಎಳೆಬಿಸಿಲಿಗೆ ಮುಖ ಮಾಡಿ ಕುಳಿತಿದ್ದ ಆಯಿ ಯಾವುದೋ ಮಾತಿಗೆ ಬಾಯಿ ಬಿಟ್ಟು ನಕ್ಕಳು. ಕಮಲಮಾವಶಿ ತಟ್ಟನೆ ಅವಳ ಗದ್ದ ಹಿಡಿದು, ತಡೀರಿ ಎಂದು ನಿಲ್ಲಿಸಿದಳು.

“ಥಾಂಬಾ ಆಜಿ. ಹೇ ಪಾಂಢರಂ ಕಾಯ್ ಆಹೆ?”

“ಬೆಳ್ಳಗ ಏನೈತಿ ಅಂದ್ರ? ಇನ್ನೂ ಒಂದ ಹಲ್ಲು ಬೆಳ್ಳಗ ಉಳದೈತೇನೋ, ಛಲೋ ನೋಡು,” ಎಂದಳು ಆಯಿ.

ಹಲ್ಲಲ್ಲ. ಕೆನ್ನೆಯ ಒಳಮೈಯಲ್ಲಿ, ಮಿಶ್ರಿ ಯಾವಾಗಲೂ ಹೋಗಿ ನಿಲ್ಲುವ ಜಾಗದಲ್ಲಿ, ಒಂದು ಬಿಳಿ ಕಲೆ.

ಹಲ್ಲಿನ ಡಾಕ್ಟರಬಾಯಿಯ ಹತ್ತಿರ ನಾವೆಲ್ಲ ಹೋದೆವು. ಒಬ್ಬರ ಬಾಯಿಗೆ ಮನೆಮಂದಿಯೆಲ್ಲ ಯಾಕೆ ಹೋದೆವೋ ಗೊತ್ತಿಲ್ಲ, ನಮ್ಮಲ್ಲಿ ಹಾಗೇ. ಅವರು ಕನ್ನಡಿ ಕಡ್ಡಿ ಹಿಡಿದು ನೋಡಿ, ಮಿಶ್ರಿ ಇವತ್ತೇ ಬಿಡಬೇಕು ಎಂದು ಮರಾಠಿಯಲ್ಲಿ ಹೇಳಿದರು. ಸಂಕ್ರಾಂತಿ ಆದ ಮೇಲೆ ಮತ್ತೆ ಬರಬೇಕು, ಕಲೆ ಹಾಗೇ ಇದ್ದರೆ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು, ಇಂಥ ಕಲೆ ಕೆಲವೊಮ್ಮೆ ಕೆಟ್ಟ ರೋಗಕ್ಕೆ ತಿರುಗುತ್ತದೆ. ಅಪ್ಪ ಕನ್ನಡದಲ್ಲಿ ಹೇಳುವಾಗ ಕೊನೆಯ ಮಾತನ್ನು ನುಂಗಿದ. ಆಯಿಗೆ ಮರಾಠಿ ಬರುತ್ತಿತ್ತು ಎಂಬುದು ಆ ಗಾಬರಿಯಲ್ಲಿ ಅವನಿಗೆ ಮರೆತುಹೋಗಿತ್ತು. ಡಾಕ್ಟರಬಾಯಿ ನಮ್ಮಿಬ್ಬರನ್ನೂ ಬಿಡಲಿಲ್ಲ. ದೊಡ್ಡದೊಂದು ಹಲ್ಲಿನ ಗೊಂಬೆ ತೆಗೆದು, ಮೆತ್ತನೆಯ ಬ್ರಶ್ಶನ್ನು ಒಸಡಿನ ಕಡೆ ಓರೆಯಾಗಿಟ್ಟು, ಸಣ್ಣ ಸಣ್ಣ ಸುತ್ತು ತಿರುಗಿಸಿ ತೋರಿಸಿದರು. ರಾತ್ರಿ ಮಲಗುವ ಮುಂಚೆಯೂ ತಿಕ್ಕಬೇಕಂತೆ.

“ಮಲಗೂ ಮುಂದ ಹಲ್ಲ ತಿಕ್ಕಿ ಯಾರಿಗೆ ತೋರಸೂದು, ಕನಸಿನ್ಯಾಗ ಬರೋರಿಗೆ?” ಎಂದು ಆಯಿ ದಾರಿಯುದ್ದಕ್ಕೂ ನಕ್ಕಳು. ಆದರೆ ಮನೆಗೆ ಬಂದು ಡಬ್ಬಿ ಮುಚ್ಚಿ ಅಟ್ಟದ ಮೇಲಿಟ್ಟಳು.

ಮರುದಿನ ಮಿಶ್ರಿಯಿಲ್ಲದೆ ತಲೆಶೂಲೆ. ಅದರ ಮರುದಿನ ಡಬ್ಬಿ ಕೆಳಗೆ ಬಂತು. ಅಪ್ಪ ಸಿಟ್ಟಾದ. “ಬಿಡು ಅಂದಕೂಡ್ಲೆ ಬಿಡಾಕ ಅದೇನ ಬಸ್ಸಿನ ಸೀಟೇನೋ?” ಎಂದು ಆಯಿ ಅವನಿಗಿಂತ ಜೋರಾಗಿ ಕೂಗಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಳು. ಅವಳಿಗೆ ಬಿಡಬೇಕಿತ್ತು, ಆಗುತ್ತಿರಲಿಲ್ಲ. ಅದು ನನಗೆ ಆಗಲೇ ತಿಳಿದಿತ್ತು ಎಂದು ಬರೆಯಬಹುದು. ಇಲ್ಲ, ತಿಳಿದಿರಲಿಲ್ಲ. ಈಗ ಸೇರಿಸುತ್ತಿದ್ದೇನೆ.

ಆಗ ಅವ್ವ ಒಂದು ಉಪಾಯ ಮಾಡಿದಳು. ಉಪಾಯ ಅಪ್ಪನದು ಎನ್ನುತ್ತಾಳೆ ಅಕ್ಕ. ಅಪ್ಪನಿಗೆ ಉಪಾಯ ಹೊಳೆದದ್ದನ್ನು ನಾನು ಯಾವತ್ತೂ ನೋಡಿಲ್ಲ, ಆದ್ದರಿಂದ ಅವ್ವನದೇ ಎಂದು ಬರೆಯುತ್ತೇನೆ. ಆಯಿ ಮಧ್ಯಾಹ್ನ ಭಜನೆಗೆ ಹೋದಾಗ ಅವ್ವ ಇಸ್ತ್ರಿಯವನ ಹತ್ತಿರದಿಂದ ತಂದ ಇದ್ದಲಿಗೆ ಲವಂಗ, ಉಪ್ಪು ಸೇರಿಸಿ ಖಲಬತ್ತದಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದಳು. ಥೇಟ್ ಮಿಶ್ರಿಯದೇ ಬಣ್ಣ. ಡಬ್ಬಿಯಿಂದ ಒಂದು ಚಮಚ ಮಿಶ್ರಿ ತೆಗೆದು, ಒಂದು ಚಮಚ ಇದ್ದಲಪುಡಿ ಬೆರೆಸಿದಳು. ಮುಂದಿನ ಭಜನೆಗೆ ಇನ್ನೊಂದು ಚಮಚ. ಹೀಗೆ ವಾಸನೆ ಉಳಿಸಿಕೊಂಡು ತಂಬಾಕು ಮಾತ್ರ ಮೆಲ್ಲಗೆ ಖಾಲಿಯಾಗುವಂತೆ. ಬಾಯಿ ಬಿಟ್ಟರೆ ನೋಡಿ ಎಂದು ನಮ್ಮಿಬ್ಬರಿಗೂ ಕಣ್ಣು ಬಿಟ್ಟಳು.

ಅವ್ವ ಮರೆತದ್ದು ಒಂದೇ: ಆ ಡಬ್ಬಿ ಆಯಿಯದೊಬ್ಬಳದಲ್ಲ, ಇಡೀ ಕಟ್ಟೆಯದು.

ಕ್ರಿಸ್‌ಮಸ್ ರಜೆ ಬರುವ ಹೊತ್ತಿಗೆ ಚಾಳಿನ ಹೆಂಗಸರಿಗೆಲ್ಲ ತಲೆನೋವು. ತಂಬಾಕಿಲ್ಲದೆ ಹೊಟ್ಟೆ ಕಟ್ಟಿ, ಬೆಳಿಗ್ಗೆ ಪಾಯಖಾನೆಗೆ ಹೋದವರು ಹೊರಗೇ ಬರುತ್ತಿರಲಿಲ್ಲ. ಹೊರಗೆ ಡಬ್ಬ ಹಿಡಿದ ಗಂಡಸರ ಸಾಲು ಗೇಟಿನವರೆಗೆ. ನಳದ ಮುಂದೆ ಕೊಡಕ್ಕೆ ಕೊಡ ತಾಗಿದರೂ ಕದನ. ಕಮಲಮಾವಶಿ ಯಾರದೋ ಬಕೆಟ್ಟನ್ನು ಗಟಾರಕ್ಕೆ ಒದ್ದಳು. ಅಕ್ಕಾ, ಬರೆದೆ ನೋಡು. ಅವ್ವ ಒಳಗೆ ರೊಟ್ಟಿ ಬಡಿಯುತ್ತ ನನ್ನ ಹತ್ತಿರ, “ಸುಮ್ಮಿ, ಇವ್ರಿಗೆ ಗೊತ್ತಾದ್ರ ನನ್ನ ಹಿಂಗ ಬಡೀತಾರವಾ,” ಎನ್ನುತ್ತಿದ್ದಳು. ಆಯಿ ಒಬ್ಬಳೇ ತಣ್ಣಗಿದ್ದಳು. ಹಣೆಗೊಂದು ಬಟ್ಟೆ ಬಿಗಿದುಕೊಂಡು, ದಿನಾ ಎಲ್ಲರಿಗೂ ಚಿಟಿಕೆ ಹಂಚುತ್ತಿದ್ದಳು.

ಒಂದು ಬೆಳಿಗ್ಗೆ ಕಮಲಮಾವಶಿ ತನ್ನದೇ ಹೊಸ ಡಬ್ಬಿ ತಂದಳು. ಪೇಟೆಯಿಂದ ಕೊಂಡ ಮಿಶ್ರಿ. ಮುಚ್ಚಳ ತೆಗೆದರೆ ದೂರದಲ್ಲಿದ್ದ ನನಗೂ ಸೀನು ಬಂತು. “ಆಜಿ, ತುಮಚ್ಯಾತ ದಮ ನಾಹೀ. ಹೀ ಘ್ಯಾ,” ಎಂದು ಆಯಿಯ ಮೂಗಿನ ಕೆಳಗೇ ಹಿಡಿದಳು. ನಿಮ್ಮದರಲ್ಲಿ ಜೋರಿಲ್ಲ, ಇದನ್ನು ತಗೊಳ್ಳಿ.

ನಳದ ಕೆಳಗೆ ಅವ್ವನ ಕೊಡ ತುಂಬಿ ಹರಿಯುತ್ತಿತ್ತು. ಅವಳಿಗೆ ಅದರ ಕಡೆ ಗಮನವಿರಲಿಲ್ಲ. ಆಯಿ ಆ ಡಬ್ಬಿ ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಸಲ ವಾಸನೆ ಎಳೆದಳು. ತಂಬಾಕಿನ ಹೊಲದಲ್ಲಿ ಬೆಳೆದವಳ ಮೂಗು ಅದು. ಆಮೇಲೆ ಮುಚ್ಚಳ ಹಾಕಿ ವಾಪಸು ಕೊಟ್ಟಳು.

“ಬ್ಯಾಡವಾ ಕಮಲಾ. ನಂದ ನನಗ ಛಲೋ ಐತಿ.”

ತನ್ನ ಡಬ್ಬಿಯಿಂದಲೇ ಚಿಟಿಕೆ ತೆಗೆದು ತಿಕ್ಕಿದಳು. ಬಾಯಿ ಮುಕ್ಕಳಿಸಿ, ಒಳಗೆ ಬಂದು, ಆಗಲೇ ಕೊಡ ಎತ್ತಿಕೊಂಡು ಬಂದು ಒಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದ ಅವ್ವನ ಪಕ್ಕದಲ್ಲಿ ನಿಂತಳು.

“ಶಾಂತಾ, ಮುಂದಿನ ಸಲ ಉಪ್ಪು ಕಡಿಮಿ ಹಾಕು. ಒಸಡು ಉರೀತಾವು.”

ಅವ್ವ ನಕ್ಕಳೋ ಅತ್ತಳೋ ಎಂಬ ಬಗ್ಗೆ ನನಗೂ ಅಕ್ಕನಿಗೂ ಇವತ್ತಿಗೂ ಒಮ್ಮತವಿಲ್ಲ. “ಅತ್ಯಾರ, ನಿಮಗ ಯಾವಾಗ ಗೊತ್ತಾತ್ರಿ?” ಎಂದು ಕೇಳಿದ್ದು ಇಬ್ಬರಿಗೂ ನೆನಪಿದೆ.

“ಮೊದಲ್ನೇ ಚಿಟಿಕಿಗೇ. ಬಿಡು ಅಂತ ಬಾಯಿ ಬಡ್ಕೊಂಡ್ರ ನನಗ ಬಿಡಾಕ ಆಗತಿದ್ದಿಲ್ಲ. ನೀ ಮೋಸ ಮಾಡಾಕ ಹತ್ತಿದ್ದಿ, ನಾ ಮೋಸ ಹೋಗಾಕ ಹತ್ತಿದ್ದೆ. ಇಬ್ರೂ ಕೂಡೇ ಬಿಡಿಸೀವಿ ತಗೋ.”

ಸಂಕ್ರಾಂತಿ ಕಳೆದು ಮತ್ತೆ ಎಲ್ಲರೂ ಹೋದೆವು. ಡಾಕ್ಟರಬಾಯಿ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಲೆ ತೆಳ್ಳಗಾಗಿದೆ, ಕತ್ತರಿಸುವುದು ಸದ್ಯಕ್ಕೆ ಬೇಡ, ಆದರೆ ಆಗಾಗ ಬಂದು ತೋರಿಸಬೇಕು ಎಂದರು. ಆಮೇಲೆ ಹಲ್ಲಿನ ಸಂದಿಯ ಕರಿ ನೋಡಿ, ಇದ್ದಲಿನಿಂದ ಹಲ್ಲು ಸವೆಯುತ್ತದೆ ಎಂದು ಅವ್ವನಿಗೆ ಬೈದು, ಆಯಿಯ ಕೈಗೊಂದು ಮೆತ್ತನೆಯ ಬ್ರಶ್ಶು ಕೊಟ್ಟರು. “ಈ ವಯಸ್ಸಿನ್ಯಾಗ ಸುಣ್ಣ ಬಳಿಯೂ ಕೆಲಸ ಬಂತಲ್ಲೋ,” ಎನ್ನುತ್ತ ಆಯಿ ಹೊರಗೆ ಬಂದಳು. ದಾರಿಯಲ್ಲಿ ಕಬ್ಬು ಕೊಂಡು, ಉಳಿದ ಹಲ್ಲುಗಳಲ್ಲೇ ಸಿಗಿದು ತಿಂದಳು. ಮನೆಗೆ ಬಂದು ನಮ್ಮಿಬ್ಬರೂ ಬಾಯಿ ಮುಕ್ಕಳಿಸುವಂತೆ ಮಾಡಿದಳು, ತಾನೂ ಮುಕ್ಕಳಿಸಿದಳು.

ಆ ಕಲೆ ಮತ್ತೆ ಬರಲಿಲ್ಲ. ಆಯಿ ಎಷ್ಟೋ ವರ್ಷ ಆದ ಮೇಲೆ, ಬೇರೆ ಯಾವುದೋ ಮುಪ್ಪಿನ ಕಾರಣಕ್ಕೆ, ರೊಟ್ಟಿ ಕಡಿಯುವ ಹಲ್ಲುಗಳೊಂದಿಗೇ ಹೋದಳು. ಕಮಲಮಾವಶಿ ತನ್ನ ಡಬ್ಬಿ ಬಿಟ್ಟಳೋ ಇಲ್ಲವೋ ಗೊತ್ತಿಲ್ಲ. ಬಿಟ್ಟಳು ಎನ್ನುತ್ತಾಳೆ ಅಕ್ಕ. ಅವಳಿಗೆ ಕತೆಗಳು ಚೆನ್ನಾಗಿ ಮುಗಿಯಬೇಕು.

ಚಾಳು ಈಗಿಲ್ಲ. ಅದಕ್ಕಾಗಿ ನನಗೆ ದುಃಖವೂ ಇಲ್ಲ. ಆ ಪಾಯಖಾನೆಯ ಸಾಲು ಯಾರಿಗೂ ಬೇಡ. ಹಿತ್ತಾಳೆ ಡಬ್ಬಿ ಅಕ್ಕನ ಹತ್ತಿರ ಇದೆ ಎಂದು ನಾನು, ನನ್ನ ಹತ್ತಿರ ಇದೆ ಎಂದು ಅವಳು. ಈಗ ನಮ್ಮ ಮನೆಯಲ್ಲಿ ಮಲಗುವ ಕೋಣೆಗೊಂದು ಬಚ್ಚಲು, ಬಾಯಿಗೊಂದು ಬ್ರಶ್ಶು. ಬೆಳಿಗ್ಗೆ, ರಾತ್ರಿ, ಡಾಕ್ಟರಬಾಯಿ ಹೇಳಿದಂತೆಯೇ ಸಣ್ಣ ಸಣ್ಣ ಸುತ್ತು ತಿಕ್ಕುತ್ತೇವೆ, ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು. ನಮ್ಮ ಹಲ್ಲುಗಳು ಆಯಿಯ ಹಲ್ಲುಗಳಿಗಿಂತ ಬೆಳ್ಳಗಿವೆ. ಆದರೆ ಬಿಸಿಲಿನಲ್ಲಿ ಗದ್ದ ಹಿಡಿದು, “ಥಾಂಬಾ, ಬಾಯಿ ತೆಗಿ, ಇದೇನು?” ಎನ್ನುವವರು ಯಾರೂ ಇಲ್ಲ.